ಹಸಿವಿಗೆ ಒಂದೇ ಅಳತೆಗೋಲು: ಕ್ಷಾಮ ಇದೆ ಎಂದು ನಿರ್ಧರಿಸುವುದು ಹೇಗೆ?

2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಕಡೆ, ಬಕೂಲ್ ಪ್ರದೇಶದ ದಕ್ಷಿಣ ಭಾಗ ಮತ್ತು ಲೋವರ್ ಶಬೆಲ್ಲೆಯಲ್ಲಿ, ಕ್ಷಾಮ ಇದೆ ಎಂದು ಪ್ರಕಟಿಸಿತು. ಅಷ್ಟರಲ್ಲಿ ಅಲ್ಲಿ ಸತತ ಎರಡು ಹಂಗಾಮುಗಳ ಮಳೆ ಕೈಕೊಟ್ಟಿತ್ತು. ಜನ ಮಕ್ಕಳನ್ನು ಕಟ್ಟಿಕೊಂಡು ಮೊಗದಿಶುವಿಗೆ, ಗಡಿಯಾಚೆ ಕೀನ್ಯಾದ ದದಾಬ್ ಶಿಬಿರಕ್ಕೆ, ಇಥಿಯೋಪಿಯಾದ ಡೊಲ್ಲೊ ಅಡೊಗೆ ನಡೆದು ಹೋಗುತ್ತಿದ್ದರು. ಎರಡು ವರ್ಷದ ನಂತರ ಹೊರಬಂದ ಅಧ್ಯಯನವೊಂದು ಸತ್ತವರ ಲೆಕ್ಕ ಹಾಕಿತು: 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ಸುಮಾರು 2,58,000 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು.

ಲೆಕ್ಕ ಶುರುವಾಗುವ ತಿಂಗಳನ್ನು ಗಮನಿಸಿ. ಘೋಷಣೆಗೆ ಒಂಬತ್ತು ತಿಂಗಳು ಮೊದಲೇ ಹೆಚ್ಚುವರಿ ಸಾವುಗಳು, ಅಂದರೆ ಮಾಮೂಲಿ ಪ್ರಮಾಣವನ್ನು ಮೀರಿದ ಸಾವುಗಳು, ಶುರುವಾಗಿದ್ದವು. ಹಾಗಾದರೆ ಜುಲೈ 20ರಂದು ಹೊಸದಾಗಿ ಆದದ್ದೇನು? ಕೆಲವು ಅಂಕಿಗಳು ಮೊದಲೇ ಒಪ್ಪಿಕೊಂಡಿದ್ದ ಕೆಲವು ಗೆರೆಗಳನ್ನು ದಾಟಿದವು, ಅಷ್ಟೇ. ಆ ಗೆರೆಗಳನ್ನು ಎಳೆದವರು ಯಾರು, ಅಲ್ಲೇ ಏಕೆ ಎಳೆದರು, ಅವುಗಳಿಂದ ಏನು ಸಿಕ್ಕಿತು, ಅವುಗಳ ಹಿಂದೆ ಏನು ಮರೆಯಾಗುತ್ತದೆ ಎಂಬುದು ಈ ಲೇಖನದ ವಿಷಯ. ಇದು ಲೆಕ್ಕಪತ್ರದ ವಿಷಯದಂತೆ ಕಾಣಬಹುದು. ಆದರೆ ಧಾನ್ಯ ತುಂಬಿದ ಲಾರಿ ಯಾವ ಊರಿಗೆ, ಯಾವ ತಿಂಗಳು ಹೊರಡಬೇಕೆಂಬುದನ್ನು ತೀರ್ಮಾನಿಸುವುದು ಇವೇ ಅಂಕಿಗಳು.

ಅಳೆಯಬೇಕಾದದ್ದು ಏನು?

1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಗೆ ಒಂದು ವ್ಯಾಖ್ಯೆ ಕೊಟ್ಟಿತು. ಎಲ್ಲ ಜನರಿಗೂ, ಎಲ್ಲ ಕಾಲದಲ್ಲೂ, ಚಟುವಟಿಕೆಯ ಆರೋಗ್ಯಕರ ಬದುಕಿಗೆ ಬೇಕಾದಷ್ಟು ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆಟುಕುವಂತಿರಬೇಕು ಎಂಬುದು ಅದರ ತಿರುಳು. ಇದರಲ್ಲಿ ನಾಲ್ಕು ಸಂಗತಿಗಳು ಅಡಗಿವೆ. ಆಹಾರ ಊರಲ್ಲಿ ಇರಬೇಕು, ಕೊಳ್ಳುವ ಶಕ್ತಿ ಮನೆಗೆ ಇರಬೇಕು, ತಿಂದದ್ದು ಮೈಗೆ ಹತ್ತಬೇಕು, ಈ ಮೂರೂ ವರ್ಷವಿಡೀ ನಿಲ್ಲಬೇಕು. ಎರಡನೆಯದರ ಮಹತ್ವವನ್ನು ಜಗತ್ತಿಗೆ ಮನಗಾಣಿಸಿದವರು ಅಮರ್ತ್ಯ ಸೇನ್. 1943ರ ಬಂಗಾಳದಲ್ಲಿ ಅಕ್ಕಿ ಇತ್ತು. ಕೂಲಿಗಳು, ಮೀನುಗಾರರು, ಕುಶಲಕರ್ಮಿಗಳ ಕೈಗೆ ಅದು ಎಟುಕಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯವನ್ನೂ ಅಳೆಯಬೇಕು. ಅದು ದುರ್ಬಲತೆ, ಅಂದರೆ ಹೊಡೆತ ಬಿದ್ದರೆ ಯಾರು ಮೊದಲು ಬೀಳುತ್ತಾರೆ ಎಂಬುದು. ಒಂದೇ ಮಳೆ ತಪ್ಪಿದರೂ ಎಲ್ಲ ಮನೆಗಳ ಒಲೆ ಒಟ್ಟಿಗೆ ಆರುವುದಿಲ್ಲ. 2011ರ ಸೊಮಾಲಿಯಾದಲ್ಲಿ ಅತಿ ಹೆಚ್ಚು ಸತ್ತವರು ನದಿಗಳ ನಡುವಿನ ಸೀಮೆಯಲ್ಲಿ ಜೋಳ ಬೆಳೆದು ಒಂದಿಷ್ಟು ದನಕರು ಸಾಕಿಕೊಂಡಿದ್ದ ರಹನ್‌ವೇನ್ ಕುಲದವರು ಮತ್ತು ಬಂಟು ಮೂಲದ ಅಲ್ಪಸಂಖ್ಯಾತರು. ಉತ್ತರದ ಅಲೆಮಾರಿ ಒಂಟೆಗಾರರಿಗೆ ನೈರೋಬಿಯಲ್ಲೋ ಲಂಡನ್ನಿನಲ್ಲೋ ಇರುವ ನೆಂಟರಿಂದ ಹಣ ಬರುತ್ತಿತ್ತು, ಇವರಿಗೆ ಅಂಥ ನೆಂಟರು ಕಡಿಮೆ. ಜೊತೆಗೆ ಆ ಸೀಮೆ ಅಲ್-ಶಬಾಬ್ ಎಂಬ ಸಶಸ್ತ್ರ ಗುಂಪಿನ ಹಿಡಿತದಲ್ಲಿತ್ತು. ಅದು ವಿಶ್ವ ಆಹಾರ ಕಾರ್ಯಕ್ರಮವೂ ಸೇರಿ ಹಲವು ನೆರವು ಸಂಸ್ಥೆಗಳನ್ನು ಹೊರಗಿಟ್ಟಿತ್ತು. ಅಮೆರಿಕದ ಭಯೋತ್ಪಾದನಾ ನಿಗ್ರಹ ಕಾನೂನುಗಳ ಭಯಕ್ಕೆ ಉಳಿದ ನೆರವೂ ಸೊರಗಿತ್ತು. ಮಳೆ ಮಾಪಕ ಇದ್ಯಾವುದನ್ನೂ ತೋರಿಸುವುದಿಲ್ಲ.

ಒಂದೊಂದು ಊರಿಗೆ ಒಂದೊಂದು ಸೇರು

2000ದ ದಶಕದ ಆರಂಭದವರೆಗೂ ಪ್ರತಿ ಸಂಸ್ಥೆ ತನ್ನದೇ ಲೆಕ್ಕದಲ್ಲಿ ಹಸಿವನ್ನು ಅಳೆಯುತ್ತಿತ್ತು. ಒಬ್ಬರು ಮಳೆ, ಬೆಳೆ ನೋಡಿ ಕೊರತೆ ಎಷ್ಟು ಟನ್ ಎನ್ನುತ್ತಿದ್ದರು. ಇನ್ನೊಬ್ಬರು ಮಕ್ಕಳ ತೂಕ ನೋಡುತ್ತಿದ್ದರು. ಮತ್ತೊಬ್ಬರು ಮನೆಮನೆಗೆ ಹೋಗಿ ಎಷ್ಟು ಹೊತ್ತು ಉಂಡಿರಿ ಎಂದು ಕೇಳುತ್ತಿದ್ದರು. ಒಬ್ಬರಿಗೆ ‘ತೀವ್ರ’ ಎನಿಸಿದ್ದು ಇನ್ನೊಬ್ಬರಿಗೆ ‘ಗಂಭೀರ’, ಮೂರನೆಯವರಿಗೆ ‘ಕಳವಳಕಾರಿ’. ಹಿಂದೆ ಊರಿಗೊಂದು ಸೇರು ಇದ್ದಾಗ ಸಂತೆಯಲ್ಲಿ ಧಾನ್ಯ ಅಳೆದಷ್ಟೂ ಜಗಳ ಹೆಚ್ಚುತ್ತಿದ್ದ ಹಾಗೆ, ಇಲ್ಲೂ ವರದಿ ಹೆಚ್ಚಿದಷ್ಟೂ ಗೊಂದಲ ಹೆಚ್ಚುತ್ತಿತ್ತು. ಹಣ ಕೊಡುವ ಸರ್ಕಾರಗಳಿಗೆ ಎರಡು ದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಹೆಚ್ಚು ಕಷ್ಟದಲ್ಲಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ಆಗ ನೆರವು ಹಸಿವಿನ ತೀವ್ರತೆಯನ್ನು ನೋಡಿ ಹೋಗುತ್ತಿರಲಿಲ್ಲ. ಟಿವಿ ಕ್ಯಾಮೆರಾ ಇದ್ದ ಕಡೆಗೆ, ರಾಜಕೀಯ ಆಸಕ್ತಿ ಇದ್ದ ಕಡೆಗೆ ಹೋಗುತ್ತಿತ್ತು.

ಗೆರೆ ಎಳೆಯುವ ಪ್ರಯತ್ನಕ್ಕೆ ಇನ್ನೂ ಹಳೆಯ ಇತಿಹಾಸವಿದೆ. ಅದು ನಮ್ಮ ನೆಲದಲ್ಲೇ ನಡೆದದ್ದು. 1876-78ರ ಧಾತು-ಈಶ್ವರ ಸಂವತ್ಸರದ ಬರ ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳನ್ನೂ ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನೂ ಹಿಂಡಿತು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 8.5 ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿತ್ತು. ಅದೇ ಬರದಲ್ಲಿ ಒಂದು ಅಂಕಿಯ ಮೇಲೆ ದೊಡ್ಡ ವಾಗ್ವಾದ ನಡೆಯಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಕೂಲಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಾಕು ಎಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದರು. ಮೂರು ವರ್ಷದ ಹಿಂದೆ ಬಿಹಾರದಲ್ಲಿ ಉದಾರವಾಗಿ ನೆರವು ಕೊಟ್ಟು ಸಾವುಗಳನ್ನು ತಡೆದಿದ್ದವರು ಇವರೇ. ಖರ್ಚು ಅತಿಯಾಯಿತೆಂದು ಬೈಸಿಕೊಂಡ ಮೇಲೆ ಕೈ ಬಿಗಿ ಹಿಡಿದರು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ದುಡಿಯುವ ಮೈಗೆ ಇದು ಸಾಲದು, ಬೇಳೆಯೂ ಬೇಕು ಎಂದು ವಾದಿಸಿದರು. ಕೊನೆಗೆ ಮದ್ರಾಸ್ ಸರ್ಕಾರ ಪಡಿತರವನ್ನು ಒಂದಷ್ಟು ಏರಿಸಿತು. ಅಷ್ಟರೊಳಗೆ ಬಹಳ ಜನ ಸತ್ತಿದ್ದರು.

ಆ ಬರದ ನಂತರ 1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ ಪ್ರಾಂತ್ಯಗಳ ಕ್ಷಾಮ ಸಂಹಿತೆಗಳು ಬಂದವು. ಧಾನ್ಯದ ಬೆಲೆ ಏರುವುದು, ಜನ ಊರು ಬಿಟ್ಟು ಅಲೆಯುವುದು, ದನಕರು ಮಾರುವುದು, ಸಣ್ಣಪುಟ್ಟ ಕಳ್ಳತನ ಹೆಚ್ಚುವುದು, ಇಂಥ ಲಕ್ಷಣಗಳನ್ನು ಅಧಿಕಾರಿಗಳು ಬರೆದಿಡಬೇಕಿತ್ತು. ಅನುಮಾನವಿದ್ದರೆ ಕಡಿಮೆ ಕೂಲಿಯ ಪರೀಕ್ಷಾ ಕಾಮಗಾರಿ ತೆರೆದು ಎಷ್ಟು ಜನ ಬರುತ್ತಾರೆ ಎಂದು ಎಣಿಸುತ್ತಿದ್ದರು. ಜನ ಕಿಕ್ಕಿರಿದರೆ ಕ್ಷಾಮ. ಕ್ರೂರ ಪರೀಕ್ಷೆ ಅದು. ಆದರೂ ಒಂದು ತತ್ವ ಅಲ್ಲಿ ಹುಟ್ಟಿತು: ಲಕ್ಷಣಗಳನ್ನು ಮೊದಲೇ ಪಟ್ಟಿ ಮಾಡಿ, ಯಾವುದಕ್ಕೆ ಯಾವ ಕ್ರಮ ಎಂದು ಮೊದಲೇ ಬರೆದಿಡಬೇಕು. ಸಂಕಟದ ನಡುವೆ ಕುಳಿತು ಚೌಕಾಸಿ ಮಾಡಬಾರದು.

ಐದು ಹಂತಗಳು

ಅದೇ ತತ್ವ 2004ರಲ್ಲಿ ಸೊಮಾಲಿಯಾಕ್ಕಾಗಿ ಹೊಸ ರೂಪ ತಾಳಿತು. ಅಲ್ಲಿ ಗಟ್ಟಿ ಸರ್ಕಾರ ಇರಲಿಲ್ಲ, ಅಂಕಿಅಂಶ ಇಲಾಖೆ ಇರಲಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಡಿಯಲ್ಲಿ ನೈರೋಬಿಯಿಂದ ಕೆಲಸ ಮಾಡುತ್ತಿದ್ದ ವಿಶ್ಲೇಷಕರ ತಂಡವೊಂದು ಎಲ್ಲ ಬಗೆಯ ಮಾಹಿತಿಯನ್ನೂ ಒಂದೇ ಕೋಷ್ಟಕಕ್ಕೆ ತಂದು ಪ್ರದೇಶಗಳಿಗೆ ಹಂತ ಕೊಡುವ ಪದ್ಧತಿ ರೂಪಿಸಿತು. ಅದೇ ಇಂಟಿಗ್ರೇಟೆಡ್ ಫುಡ್ ಸೆಕ್ಯುರಿಟಿ ಫೇಸ್ ಕ್ಲಾಸಿಫಿಕೇಶನ್, ಚಿಕ್ಕದಾಗಿ ಐಪಿಸಿ. ಮುಂದೆ ವಿಶ್ವ ಆಹಾರ ಕಾರ್ಯಕ್ರಮ, ಆಕ್ಸ್‌ಫಾಮ್, ಸೇವ್ ದ ಚಿಲ್ಡ್ರನ್, ಕೇರ್, ಅಮೆರಿಕದ ಕ್ಷಾಮ ಮುನ್ಸೂಚನಾ ಜಾಲ ಫ್ಯೂಸ್‌ನೆಟ್, ಐರೋಪ್ಯ ಒಕ್ಕೂಟದ ಸಂಶೋಧನಾ ಕೇಂದ್ರ ಎಲ್ಲವೂ ಕೈಜೋಡಿಸಿದವು. ಪಶ್ಚಿಮ ಆಫ್ರಿಕಾದ ಸಾಹೇಲ್ ದೇಶಗಳು ‘ಕಾದ್ರ್ ಆರ್ಮೊನಿಸೆ’ ಎಂಬ ತಮ್ಮದೇ ಪದ್ಧತಿ ಬಳಸುತ್ತವೆ. ಅದರಲ್ಲೂ ಐದೇ ಹಂತ, ಹೆಚ್ಚುಕಡಿಮೆ ಅವೇ ಗೆರೆಗಳು.

ಹಂತ 1 ಅಂದರೆ ಕೊರತೆ ಇಲ್ಲ ಅಥವಾ ತೀರ ಕಡಿಮೆ. ಹಂತ 2 ಒತ್ತಡ: ಊಟ ಹೇಗೋ ನಡೆಯುತ್ತದೆ, ಬೇರೆ ಖರ್ಚಿಗೆ ಕತ್ತರಿ. ಹಂತ 3 ಬಿಕ್ಕಟ್ಟು: ಊಟ ಸಾಲದು, ಇಲ್ಲವೇ ಸಾಲುವಂತೆ ಮಾಡಲು ನೇಗಿಲು, ಬೀಜ, ಹಾಲು ಕೊಡುವ ಮೇಕೆ ಮಾರಬೇಕು. ಹಂತ 4 ತುರ್ತು ಪರಿಸ್ಥಿತಿ: ದೊಡ್ಡ ಕೊರತೆ, ಅಪೌಷ್ಟಿಕತೆ ತೀವ್ರ, ಸಾವುಗಳು ಹೆಚ್ಚುತ್ತಿವೆ. ಹಂತ 5ಕ್ಕೆ ಎರಡು ಹೆಸರು. ಮನೆಯೊಂದು ಆ ಸ್ಥಿತಿ ತಲುಪಿದರೆ ಅದು ದುರಂತ. ಇಡೀ ಪ್ರದೇಶ ತಲುಪಿದರೆ ಕ್ಷಾಮ. ಈ ವ್ಯತ್ಯಾಸ ಸುದ್ದಿಗಳಲ್ಲಿ ಬಹಳ ಸಲ ಕಳೆದುಹೋಗುತ್ತದೆ. 2021ರ ಜೂನ್‌ನಲ್ಲಿ ಇಥಿಯೋಪಿಯಾದ ಟಿಗ್ರೆಯಲ್ಲಿ 3.5 ಲಕ್ಷಕ್ಕೂ ಹೆಚ್ಚು ಜನ ಹಂತ 5ರಲ್ಲಿದ್ದಾರೆ ಎಂದು ವರದಿ ಹೇಳಿತು. ಆದರೂ ಯಾವ ಪ್ರದೇಶವನ್ನೂ ‘ಕ್ಷಾಮ’ ಎಂದು ವರ್ಗೀಕರಿಸಲಿಲ್ಲ.

ಬಿಕ್ಕಟ್ಟಿನಿಂದ, ಅಂದರೆ ಹಂತ 3ರಿಂದಲೇ, ತಕ್ಷಣ ನೆರವು ಬೇಕು ಎಂಬುದು ಪದ್ಧತಿಯ ಮೂಲ ನಿಯಮ. ಮೇಕೆ ಮಾರಿದ ಮನೆಗೆ ಮುಂದಿನ ವರ್ಷ ಮಳೆ ಬಂದರೂ ಹಾಲಿಲ್ಲ. ಬೀಜ ತಿಂದ ಮನೆಗೆ ಹೊಲ ಹಸನಾಗಿದ್ದರೂ ಬಿತ್ತನೆ ಇಲ್ಲ. ಆ ಘಟ್ಟದಲ್ಲಿ ಹಿಡಿದರೆ ಕುಟುಂಬ ಉಳಿಯುತ್ತದೆ. ಆಮೇಲೆ ಹೋದರೆ ಜೀವ ಮಾತ್ರ ಉಳಿಸಬಹುದು, ಅದೂ ಎಲ್ಲರದ್ದಲ್ಲ.

ಒಂದು ಮನೆಯ ಲೆಕ್ಕ

ಹಂತ ಕೊಡುವುದಕ್ಕೆ ಮಾಹಿತಿ ಬರುವುದು ಮನೆಗಳಿಂದ. ದಕ್ಷಿಣ ಸೊಮಾಲಿಯಾದ ಬೈದೋವಾ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಸಮೀಕ್ಷೆಯವರು ಕಳೆದ ಏಳು ದಿನ ಏನೇನು ತಿಂದಿರಿ ಎಂದು ಕೇಳುತ್ತಾರೆ. ವಿಶ್ವ ಆಹಾರ ಕಾರ್ಯಕ್ರಮದ ಆಹಾರ ಸೇವನೆ ಅಂಕದಲ್ಲಿ ಪ್ರತಿ ಗುಂಪಿಗೂ ಒಂದು ತೂಕವಿದೆ: ಧಾನ್ಯಕ್ಕೆ 2, ಕಾಳುಬೇಳೆಗೆ 3, ತರಕಾರಿಗೆ 1, ಹಣ್ಣಿಗೆ 1, ಮಾಂಸ ಮೀನಿಗೆ 4, ಹಾಲಿಗೆ 4, ಎಣ್ಣೆಗೆ ಮತ್ತು ಸಕ್ಕರೆಗೆ ಅರ್ಧರ್ಧ. ತಿಂದ ದಿನಗಳಿಂದ ಗುಣಿಸಿ ಕೂಡಿಸಬೇಕು. ನಮ್ಮ ಕುಟುಂಬ ಏಳೂ ದಿನ ಜೋಳ ತಿಂದಿದೆ, 14. ಏಳೂ ದಿನ ಒಂದಿಷ್ಟು ಎಣ್ಣೆ, 3.5. ಸೊಮಾಲಿಗಳಿಗೆ ಸಿಹಿ ಚಹಾ ಬಿಟ್ಟು ದಿನ ಶುರುವಾಗುವುದಿಲ್ಲ, ಹಾಗಾಗಿ ಸಕ್ಕರೆಯೂ ಏಳು ದಿನ, 3.5. ಒಂದು ದಿನ ಅಲಸಂದೆ ಕಾಳು, 3. ಹಸು ಸತ್ತಿರುವುದರಿಂದ ಹಾಲು ಸೊನ್ನೆ. ಒಟ್ಟು 24.

ಸಾಮಾನ್ಯ ಗೆರೆಯ ಪ್ರಕಾರ 21ರವರೆಗೆ ‘ಕಳಪೆ’, 35ರವರೆಗೆ ‘ಅಂಚಿನಲ್ಲಿ’. ಅಂದರೆ ಈ ಮನೆ ಅಂಚಿನಲ್ಲಿದೆ, ಇದು ಹಂತ 3ರ ಸೂಚನೆ. ಆದರೆ ಎಲ್ಲರೂ ದಿನವೂ ಎಣ್ಣೆ, ಸಕ್ಕರೆ ಬಳಸುವ ಸೀಮೆಗಳಲ್ಲಿ ಆ ಏಳು ಅಂಕ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕಿಬಿಡುತ್ತವೆ. ಅದಕ್ಕಾಗಿ ಅಂಥಲ್ಲಿ ಗೆರೆಯನ್ನು 28 ಮತ್ತು 42ಕ್ಕೆ ಏರಿಸುತ್ತಾರೆ. ಆಗ ಅದೇ 24 ‘ಕಳಪೆ’, ಹಂತ 4ರ ಕಡೆಗೆ ವಾಲುತ್ತದೆ. ತಟ್ಟೆ ಬದಲಾಗಲಿಲ್ಲ, ಗೆರೆ ಬದಲಾಯಿತು. ಆದ್ದರಿಂದ ಯಾವ ಗೆರೆ ಬಳಸಿದೆವು ಎಂದು ವರದಿಯಲ್ಲಿ ಹೇಳದಿದ್ದರೆ ಎರಡು ಜಿಲ್ಲೆಗಳ ಅಂಕಿಗಳನ್ನು ಹೋಲಿಸುವುದಕ್ಕೆ ಅರ್ಥವೇ ಇಲ್ಲ.

ಇದೊಂದರಿಂದ ತೀರ್ಮಾನ ಆಗುವುದಿಲ್ಲ. ಆಹಾರ ಸಾಲದಾಗ ಏನು ಮಾಡಿದಿರಿ ಎಂಬುದು ಮುಂದಿನ ಪ್ರಶ್ನೆ. ವಾರದಲ್ಲಿ ಎಷ್ಟು ದಿನ ಅಗ್ಗದ ಆಹಾರಕ್ಕೆ ಇಳಿದಿರಿ, ಎಷ್ಟು ದಿನ ಕಡ ತಂದಿರಿ, ಎಷ್ಟು ದಿನ ತುತ್ತು ಕಡಿಮೆ ಮಾಡಿದಿರಿ, ಎಷ್ಟು ದಿನ ಮಕ್ಕಳಿಗೆ ಬಡಿಸಿ ದೊಡ್ಡವರು ಹಸಿದಿರಿ, ಎಷ್ಟು ದಿನ ಒಂದು ಹೊತ್ತಿನ ಊಟ ಬಿಟ್ಟಿರಿ? ತೂಕ ಕ್ರಮವಾಗಿ 1, 2, 1, 3, 1. ನಮ್ಮ ಕುಟುಂಬದ ಉತ್ತರ ಏಳು, ಎರಡು, ಐದು, ಮೂರು, ನಾಲ್ಕು ದಿನ ಎಂದಿಟ್ಟುಕೊಂಡರೆ 7, 4, 5, 9, 4 ಸೇರಿ 29. ಹತ್ತೊಂಬತ್ತು ಮುಟ್ಟಿದರೆ ಹಂತ 3 ಅಥವಾ ಅದಕ್ಕಿಂತ ಕೆಟ್ಟದ್ದು. ದೊಡ್ಡವರು ಹಸಿದಿರುವುದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ನನಗೆ ಈ ಇಡೀ ಪದ್ಧತಿಯ ಅತ್ಯಂತ ಮಾನವೀಯ ನಿರ್ಧಾರವಾಗಿ ಕಾಣುತ್ತದೆ. ತಾಯಿ ಮಡಕೆ ತೊಳೆದಿಟ್ಟು ನೀರು ಕುಡಿದು ಮಲಗಿದ್ದನ್ನು ಯಾವ ಬೆಳೆ ಸಮೀಕ್ಷೆಯೂ ಎಣಿಸಿಲ್ಲ.

ಮೂರನೆಯದು ಮೂರೇ ಪ್ರಶ್ನೆಗಳ ಹಸಿವಿನ ಮಾಪಕ. ಕಳೆದ ಮೂವತ್ತು ದಿನಗಳಲ್ಲಿ ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲವೇ, ಹಸಿದೇ ಮಲಗಿದಿರಾ, ಒಂದು ಹಗಲು ಒಂದು ರಾತ್ರಿ ಪೂರ್ತಿ ಏನೂ ತಿನ್ನದೆ ಕಳೆದಿರಾ? ಇದರ ಹಿಂದೆ ಒಂಬತ್ತು ಪ್ರಶ್ನೆಗಳ ಉದ್ದದ ಪಟ್ಟಿ ಇತ್ತು. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ‘ಊಟದ ಬಗ್ಗೆ ಚಿಂತೆಯಾಯಿತೇ’, ‘ಇಷ್ಟವಾದದ್ದು ತಿನ್ನಲಾಗಲಿಲ್ಲವೇ’ ಎಂಬಂಥ ಪ್ರಶ್ನೆಗಳನ್ನು ಒಂದೊಂದು ಸಂಸ್ಕೃತಿ ಒಂದೊಂದು ರೀತಿ ತೆಗೆದುಕೊಳ್ಳುತ್ತದೆ ಎಂದು ಕಂಡುಬಂತು. ಎಲ್ಲ ಕಡೆಯೂ ಒಂದೇ ಅರ್ಥ ಕೊಟ್ಟದ್ದು ಕೊನೆಯ ಮೂರು. ಸಮಾನ ಮಾನದಂಡ ಕಟ್ಟುವ ಕೆಲಸದ ಬಹುಭಾಗ ಹೀಗೆ ತೆಗೆದುಹಾಕುವುದರಲ್ಲೇ ಇದೆ.

ಇವುಗಳ ಪಕ್ಕದಲ್ಲಿ ಮಾರುಕಟ್ಟೆಯನ್ನೂ ನೋಡುತ್ತಾರೆ. ಸೊಮಾಲಿಯಾದಲ್ಲಿ ಒಂದು ಮೇಕೆ ಮಾರಿದರೆ ಎಷ್ಟು ಕೆಜಿ ಜೋಳ ಬರುತ್ತದೆ, ಒಂದು ದಿನದ ಕೂಲಿಗೆ ಎಷ್ಟು ಕೆಜಿ ಬರುತ್ತದೆ ಎಂಬ ಲೆಕ್ಕವನ್ನು ತಿಂಗಳು ತಿಂಗಳೂ ಇಡುತ್ತಾರೆ. ಬರದಲ್ಲಿ ಎಲ್ಲರೂ ಒಟ್ಟಿಗೆ ಮೇಕೆ ಮಾರಲು ಬರುವುದರಿಂದ ಮೇಕೆಯ ಬೆಲೆ ಬೀಳುತ್ತದೆ, ಜೋಳದ ಬೆಲೆ ಏರುತ್ತದೆ. ಎರಡು ಕಡೆಯಿಂದಲೂ ಕುಟುಂಬ ಸೋಲುತ್ತದೆ. ಮಕ್ಕಳ ತೂಕ ಇಳಿಯುವುದಕ್ಕೆ ತಿಂಗಳುಗಟ್ಟಲೆ ಮುಂಚೆ ಈ ಲೆಕ್ಕ ಎಚ್ಚರಿಸಬಲ್ಲದು.

ಇಷ್ಟನ್ನೂ ಹರವಿಕೊಂಡು ಸರ್ಕಾರದವರು, ವಿಶ್ವಸಂಸ್ಥೆಯವರು, ಸ್ವಯಂಸೇವಾ ಸಂಸ್ಥೆಯವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಯಾವ ಸೂಚಕವೂ ಒಬ್ಬಂಟಿಯಾಗಿ ತೀರ್ಪು ಕೊಡುವುದಿಲ್ಲ. ಆಹಾರ ಅಂಕ ಕೆಟ್ಟದಾಗಿದ್ದು ಮಕ್ಕಳ ತೂಕ ಚೆನ್ನಾಗಿದ್ದರೆ ಏಕೆಂದು ವಿವರಿಸಬೇಕು. ಮಾಹಿತಿ ಎಷ್ಟು ನಂಬಲರ್ಹ ಎಂಬುದಕ್ಕೂ ದರ್ಜೆ ಕೊಡಬೇಕು. ನನ್ನ ದೃಷ್ಟಿಯಲ್ಲಿ ಸಮಾನ ಮಾನದಂಡದ ದೊಡ್ಡ ಲಾಭ ಇದೇ. ಅಂಕಿಗಳು ಅದರಿಂದ ತಾವಾಗಿ ಸರಿಯಾಗುವುದಿಲ್ಲ. ಭಿನ್ನಾಭಿಪ್ರಾಯ ಎಲ್ಲಿದೆ, ಯಾವ ಅಂಕಿಯ ಮೇಲಿದೆ ಎಂಬುದು ಎಲ್ಲರಿಗೂ ಕಾಣುವಂತಾಗುತ್ತದೆ.

ಇಲ್ಲಿ ಶೇ 20ರ ನಿಯಮವೊಂದಿದೆ. ಒಂದು ಪ್ರದೇಶದ ಜನರಲ್ಲಿ ಕನಿಷ್ಠ ಐದರಲ್ಲೊಂದು ಪಾಲು ಯಾವ ಹಂತದಲ್ಲಿ ಅಥವಾ ಅದಕ್ಕಿಂತ ಕೆಟ್ಟ ಹಂತದಲ್ಲಿ ಇದ್ದಾರೋ ಅದೇ ಆ ಪ್ರದೇಶದ ಹಂತ. ಒಂದು ಲಕ್ಷ ಜನರ ಜಿಲ್ಲೆಯಲ್ಲಿ ಶೇ 15 ಜನ ಹಂತ 4ರಲ್ಲಿ, ಶೇ 10 ಜನ ಹಂತ 3ರಲ್ಲಿ ಇದ್ದರೆ ನಕ್ಷೆಯಲ್ಲಿ ಆ ಜಿಲ್ಲೆಗೆ ಹಂತ 3ರ ಕಿತ್ತಳೆ ಬಣ್ಣ. ಹಂತ 4ರ ಕೆಂಪು ಕಾಣುವುದಿಲ್ಲ. ಅಲ್ಲಿರುವ 15,000 ಜನ ಬಣ್ಣದೊಳಗೆ ಮರೆಯಾದರು. ನಕ್ಷೆಯನ್ನಷ್ಟೇ ನೋಡಿ ಕೋಷ್ಟಕ ಬಿಟ್ಟರೆ ಈ ತಪ್ಪು ಖಂಡಿತ.

ಕ್ಷಾಮದ ಮೂರು ಗೆರೆಗಳು

ಪ್ರದೇಶವೊಂದನ್ನು ಕ್ಷಾಮ ಎನ್ನಲು ಮೂರು ಗೆರೆಗಳಿವೆ. ಕನಿಷ್ಠ ಶೇ 20 ಮನೆಗಳಲ್ಲಿ ಆಹಾರದ ವಿಪರೀತ ಕೊರತೆ ಇರಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಕನಿಷ್ಠ ಶೇ 30 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಕೃಶರಾಗಿರಬೇಕು. ಹಸಿವಿನಿಂದ ಅಥವಾ ಹಸಿವು ಮತ್ತು ರೋಗ ಸೇರಿ ದಿನಕ್ಕೆ 10,000 ಜನರಲ್ಲಿ ಇಬ್ಬರು ಸಾಯುತ್ತಿರಬೇಕು, ಐದು ವರ್ಷದೊಳಗಿನ ಮಕ್ಕಳಲ್ಲಾದರೆ ನಾಲ್ವರು.

ಇಬ್ಬರು ಎಂದರೆ ಸಣ್ಣ ಸಂಖ್ಯೆಯಂತೆ ತೋರುತ್ತದೆ. ಹೋಲಿಸಿ ನೋಡಿ. ಭಾರತದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಸಾವಿರಕ್ಕೆ ಆರೇಳು ಜನ ಸಾಯುತ್ತಾರೆ. ಅದನ್ನು ದಿನಕ್ಕೆ, ಹತ್ತು ಸಾವಿರಕ್ಕೆ ಇಳಿಸಿದರೆ 0.2ಕ್ಕಿಂತ ಕಡಿಮೆ. ಕ್ಷಾಮದ ಗೆರೆ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಒಂದು ಲಕ್ಷ ಜನರ ಪಟ್ಟಣದಲ್ಲಿ ದಿನಕ್ಕೆ ಇಪ್ಪತ್ತು ಶವ, ತಿಂಗಳಿಗೆ ಆರು ನೂರು.

ಗೆರೆಯನ್ನು ಇಷ್ಟು ಮೇಲೆ ಎಳೆದದ್ದಕ್ಕೆ ಕಾರಣವಿದೆ. ಸುಮ್ಮಸುಮ್ಮನೆ ‘ಕ್ಷಾಮ’ ಎಂದು ಕೂಗಿದರೆ ಮುಂದೆ ಯಾರೂ ಕಿವಿಗೊಡುವುದಿಲ್ಲ. ಹಾಗಾಗಿ ಪ್ರತಿ ಕ್ಷಾಮ ವರ್ಗೀಕರಣವನ್ನೂ ಸ್ವತಂತ್ರ ತಜ್ಞರ ಕ್ಷಾಮ ಪರಿಶೀಲನಾ ಸಮಿತಿ ಮತ್ತೊಮ್ಮೆ ಪರೀಕ್ಷಿಸುತ್ತದೆ. ಈ ಬಿಗಿತನದಿಂದಾಗಿ ಪದ್ಧತಿ ಬಂದಂದಿನಿಂದ ಕ್ಷಾಮವೆಂದು ದೃಢಪಟ್ಟ ಪ್ರಸಂಗಗಳು ಬೆರಳೆಣಿಕೆಯವು: 2011ರ ಸೊಮಾಲಿಯಾ, 2017ರಲ್ಲಿ ದಕ್ಷಿಣ ಸೂಡಾನಿನ ಲೀರ್ ಮತ್ತು ಮಾಯೆಂಡಿಟ್, 2024ರ ಆಗಸ್ಟ್‌ನಿಂದ ಸೂಡಾನಿನಲ್ಲಿ ಯುದ್ಧದಿಂದ ಮನೆ ಬಿಟ್ಟವರ ಝಮ್‌ಝಮ್ ಶಿಬಿರ ಮತ್ತಿತರ ಕಡೆ, 2025ರ ಆಗಸ್ಟ್ 22ರಂದು ಗಾಜಾ ನಗರವಿರುವ ಗಾಜಾ ಗವರ್ನರೇಟ್.

ಈ ಬಿಗಿತನಕ್ಕೆ ತೆರುವ ಬೆಲೆಯೂ ದೊಡ್ಡದು. ಝಮ್‌ಝಮ್‌ನಲ್ಲಿ ಎರಡು ಗಂಟೆಗೊಂದು ಮಗು ಸಾಯುತ್ತಿದೆ ಎಂದು ಗಡಿರಹಿತ ವೈದ್ಯರ ಸಂಸ್ಥೆ 2024ರ ಫೆಬ್ರವರಿಯಲ್ಲೇ ಹೇಳಿತ್ತು. ದೃಢೀಕರಣಕ್ಕೆ ಆರು ತಿಂಗಳು ಹಿಡಿಯಿತು. 2022ರ ಸೊಮಾಲಿಯಾವನ್ನು ನೋಡಿ. ಬೈದೋವಾ ಮತ್ತು ಬುರ್ಹಕಬಾ ಜಿಲ್ಲೆಗಳಲ್ಲಿ ಕ್ಷಾಮ ಬರಲಿದೆ ಎಂಬ ಮುನ್ನೋಟ ಇತ್ತು, ನೆರವು ಹೆಚ್ಚಿದ್ದರಿಂದ ಗೆರೆ ದಾಟಲಿಲ್ಲ. ‘ಕ್ಷಾಮ ತಪ್ಪಿತು’ ಎಂದು ಸುದ್ದಿಯಾಯಿತು. ಆದರೆ ಆ ಒಂದು ವರ್ಷದಲ್ಲಿ ಬರದಿಂದಾದ ಹೆಚ್ಚುವರಿ ಸಾವುಗಳು ಸುಮಾರು 43,000 ಎಂದು 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ಸೊಮಾಲಿಯಾದಂಥ ದೊಡ್ಡ ದೇಶದಲ್ಲಿ ಅಷ್ಟು ಜನ ಚದುರಿ ಸತ್ತರೆ ಯಾವ ಜಿಲ್ಲೆಯ ಗೆರೆಯೂ ಮುರಿಯದಿರಬಹುದು.

ಗಾಜಾದಲ್ಲಿ ಗೆರೆಯ ಮೇಲೆಯೇ ಜಗಳ ನಡೆಯಿತು. ಬಾಂಬು ಬೀಳುವ ಊರಿನಲ್ಲಿ ಮಕ್ಕಳನ್ನು ಮಲಗಿಸಿ ಎತ್ತರ ಅಳೆದು ತಕ್ಕಡಿಯಲ್ಲಿ ತೂಗುವುದು ಕಷ್ಟ. ಹಾಗಾಗಿ ತೋಳಿನ ಸುತ್ತಳತೆಯನ್ನು ನೆಚ್ಚಿಕೊಂಡರು. ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೂ ಗೊತ್ತಿರುವ ಕೆಂಪು, ಹಳದಿ, ಹಸಿರಿನ ಪಟ್ಟಿಯೇ ಅದು. 125 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೃಶ, 115ಕ್ಕಿಂತ ಕಡಿಮೆಯಿದ್ದರೆ ತೀವ್ರ ಕೃಶ. ಈ ವಿಧಾನದಲ್ಲಿ ಸಿಗುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಕ್ಷಾಮದ ಗೆರೆ ಶೇ 30ರ ಬದಲು ಶೇ 15. ಗಾಜಾಕ್ಕಾಗಿ ಗೆರೆಯನ್ನು ಅರ್ಧಕ್ಕೆ ಇಳಿಸಿದರು ಎಂದು ಇಸ್ರೇಲ್ ಆಕ್ಷೇಪಿಸಿತು. ಈ ನಿಯಮ ಮೊದಲೇ ತನ್ನ ಮಾರ್ಗಸೂಚಿಯಲ್ಲಿತ್ತು, ಬೇರೆಡೆಯೂ ಬಳಸಿದ್ದೇವೆ ಎಂದು ಐಪಿಸಿ ಉತ್ತರಿಸಿತು. ಮಾನದಂಡ ಮೊದಲೇ ಬರೆದಿಟ್ಟು ಎಲ್ಲರಿಗೂ ತೆರೆದಿದ್ದರಿಂದಲೇ ಆರೋಪಕ್ಕೆ ಪುಟ ತೋರಿಸಿ ಉತ್ತರ ಕೊಡಲು ಸಾಧ್ಯವಾಯಿತು.

ಇನ್ನೊಂದು ತೊಡಕು ನಮ್ಮ ಮನೆಬಾಗಿಲಲ್ಲೇ ಇದೆ. ಮಕ್ಕಳ ಕೃಶತೆ ಶೇ 15 ದಾಟಿದರೆ ಅದನ್ನು ಅತ್ಯಂತ ಗಂಭೀರ ಮಟ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಪ್ರಮಾಣ ಶೇ 19.3, ಕರ್ನಾಟಕದ್ದು ಶೇ 19.5. ಆದರೂ ಇಲ್ಲಿ ಕ್ಷಾಮವಿಲ್ಲ, ಹಾಗೆ ಹೇಳುವುದು ತಪ್ಪೂ ಹೌದು. ಪಡಿತರ ಅಂಗಡಿಯಿಂದ ಅಕ್ಕಿ ಬರುತ್ತದೆ, ಸಾವಿನ ಪ್ರಮಾಣ ಏರಿಲ್ಲ, ತಾಯಂದಿರ ರಕ್ತಹೀನತೆ, ಹುಟ್ಟುವಾಗಲೇ ಕಡಿಮೆ ತೂಕ, ಪದೇಪದೇ ಬರುವ ಭೇದಿಯಂಥ ಬೇರೆ ಕಾರಣಗಳೂ ಸೇರಿವೆ. ಒಂದೇ ಅಂಕಿಯಿಂದ ತೀರ್ಪು ಕೊಡಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಇದರ ಇನ್ನೊಂದು ಮುಖ ನನ್ನನ್ನು ಕಾಡುತ್ತದೆ. ಹಠಾತ್ತನೆ ಬಂದ ಹಸಿವಿಗೆ ಗೆರೆ, ನಕ್ಷೆ, ಸಮಿತಿ ಎಲ್ಲ ಇವೆ. ವರ್ಷಾನುವರ್ಷ ಅಲ್ಲೇ ನಿಂತಿರುವ ಹಸಿವಿಗೆ ಗಂಟೆ ಬಾರಿಸುವವರು ಯಾರೂ ಇಲ್ಲ.

ಗೆರೆಯ ಬೆನ್ನಿಗಿರುವ ಹಣ, ಅಧಿಕಾರ

ಮಾನದಂಡದ ಮೇಲೆ ಏಕೆ ಇಷ್ಟು ತಿಕ್ಕಾಟ ಎಂಬುದು ಕನ್ನಡಿಗರಿಗೆ ‘ಬರಪೀಡಿತ ತಾಲ್ಲೂಕು’ ಘೋಷಣೆಯಿಂದ ಚೆನ್ನಾಗಿ ಗೊತ್ತು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ಅಥವಾ ಒಣಹವೆಯ ದಿನಗಳ ಗೆರೆ ದಾಟಬೇಕು. ಆಮೇಲೆ ಬಿತ್ತನೆ ಪ್ರದೇಶ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಜಲಮೂಲಗಳ ಸ್ಥಿತಿ. ಕೊನೆಗೆ ಶೇ 10 ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ತಪಾಸಣೆ. 2023ರಲ್ಲಿ ಈ ಮಾನದಂಡ ಸಡಿಲಿಸಿ ಎಂದು ಕರ್ನಾಟಕ ಕೇಳಿತು. ಕೊನೆಗೆ 236ರಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದಾಯಿತು. ರಾಜ್ಯ ಕೇಳಿದ್ದು ರೂ. 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು ರೂ. 3,454 ಕೋಟಿ.

ಆದರೆ ಈ ಕೈಪಿಡಿ ಅಳೆಯುವುದು ನೆಲದ ಬರವನ್ನು. ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಗುಳೆ ಹೋದ ಮನೆಯ ತಟ್ಟೆಯಲ್ಲಿ ಏನಿದೆ ಎಂಬುದು ಅದರ ಕೋಷ್ಟಕದಲ್ಲಿ ಇಲ್ಲ. ಹೊಲವೇ ಇಲ್ಲದವನಿಗೆ ಬೆಳೆ ನಷ್ಟವೂ ಇಲ್ಲ, ಹಾಗಾಗಿ ಬೆಳೆ ಪರಿಹಾರವೂ ಇಲ್ಲ. ಮನೆಯ ಊಟದಿಂದ ಲೆಕ್ಕ ಶುರು ಮಾಡುವ ಪದ್ಧತಿಯಿಂದ ನಮ್ಮ ಬರ ಸಮೀಕ್ಷೆ ಕಲಿಯಬೇಕಾದದ್ದು ಇದನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ.

ಸರ್ಕಾರಗಳಿಗೆ ಕ್ಷಾಮ ಎಂಬ ಪದವೇ ಆರೋಪದಂತೆ ಕೇಳುತ್ತದೆ. ಟಿಗ್ರೆಯ ವರದಿಯನ್ನು ಇಥಿಯೋಪಿಯಾ ಒಪ್ಪಲಿಲ್ಲ. ಸೂಡಾನ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಐಪಿಸಿಯಿಂದಲೇ ಹೊರನಡೆಯಿತು. ಸರ್ಕಾರವೇ ಮೇಜಿನ ತಲೆಯಲ್ಲಿ ಕೂರುವ ಪದ್ಧತಿ ಇದು, ಏಕೆಂದರೆ ಬಹುತೇಕ ದೇಶಗಳಲ್ಲಿ ಅದಿಲ್ಲದೆ ಸಮೀಕ್ಷೆ ನಡೆಯುವುದಿಲ್ಲ. ಆದರೆ ಹಸಿವಿಗೆ ಆ ಸರ್ಕಾರವೇ ಕಾರಣವಾದಾಗ ಅಥವಾ ಸಶಸ್ತ್ರ ಗುಂಪು ದಾರಿ ಕಟ್ಟಿದಾಗ ಮೊದಲು ಕಾಣೆಯಾಗುವುದು ಮಾಹಿತಿ. ಸಮೀಕ್ಷೆಯವರು ಹೋಗಲಾಗದ ಊರಿನಲ್ಲಿ ಸಾವಿನ ಪ್ರಮಾಣ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಮೂರನೆಯ ಗೆರೆ ದೃಢಪಡುವುದಿಲ್ಲ. ನಕ್ಷೆಯಲ್ಲಿ ಅಂಥ ಜಾಗಗಳಿಗೆ ಸಾಕ್ಷ್ಯ ಸಾಲದು ಎಂಬ ಬೂದು ಬಣ್ಣ. ಐಪಿಸಿ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಆ ಬಣ್ಣವನ್ನು, ಆಮೇಲೆ ಹಂತ 3 ಮತ್ತು 4ರ ಜನಸಂಖ್ಯೆಯನ್ನು, ಕೊನೆಗೆ ಮುಂದಿನ ತಿಂಗಳುಗಳ ಮುನ್ನೋಟವನ್ನು. 2024ರಲ್ಲಿ 53 ದೇಶ ಮತ್ತು ಪ್ರಾಂತ್ಯಗಳಲ್ಲಿ 29.5 ಕೋಟಿಗೂ ಹೆಚ್ಚು ಜನ ತೀವ್ರ ಆಹಾರ ಅಭದ್ರತೆಯಲ್ಲಿದ್ದರು ಎಂದು ಜಾಗತಿಕ ಆಹಾರ ಬಿಕ್ಕಟ್ಟು ವರದಿ ಹೇಳುತ್ತದೆ. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಅವರಲ್ಲಿ ಹಂತ 5ರ ಸಣ್ಣ ಪಾಲು ಮಾತ್ರ.

ಅಳೆಯುವ ಕೆಲಸಕ್ಕೂ ಹಣ ಬೇಕು, ಆ ಹಣ ಕೆಲವೇ ದಾನಿ ದೇಶಗಳ ಕೈಯಲ್ಲಿದೆ. ಇಥಿಯೋಪಿಯಾ ಮತ್ತು ಸೂಡಾನಿನ ಕ್ಷಾಮಗಳ ನಂತರ 1985ರಲ್ಲಿ ಹುಟ್ಟಿದ ಫ್ಯೂಸ್‌ನೆಟ್, ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದ 2025ರ ಜನವರಿಯಲ್ಲಿ ಅಂತರ್ಜಾಲದಿಂದಲೇ ಮಾಯವಾಯಿತು. ನಾಲ್ಕು ದಶಕದ ಮಳೆ, ಬೆಲೆ, ಬೆಳೆಗಳ ದಾಖಲೆ ಒಮ್ಮೆಗೇ ಕೈಗೆ ಸಿಗದಾಯಿತು. ಕೆಲವು ತಿಂಗಳ ನಂತರ ಜಾಲ ಮತ್ತೆ ಕೆಲಸ ಶುರು ಮಾಡಿತು. ಅದು ಮೌನವಾಗಿದ್ದ ತಿಂಗಳುಗಳಲ್ಲೇ ಸೂಡಾನಿನಲ್ಲಿ ಯುದ್ಧ ಮುಂದುವರಿದಿತ್ತು, ಗಾಜಾದ ಗಡಿಗಳು ಮುಚ್ಚಿದ್ದವು.